ಕಣ್ಣೆದುರು ತೇಲುವ ಚುಕ್ಕೆಗಳು

ಕೇಳುಗರಿಗೆ ನಮಸ್ಕಾರ.

ಬಿಳಿ ಗೋಡೆಯನ್ನೋ ತಿಳಿ ಆಕಾಶವನ್ನೋ ನೋಡುವಾಗ ಕಣ್ಣೆದುರು ಚುಕ್ಕೆ, ಎಳೆ, ಜೇಡರಬಲೆಯ ತುಣುಕು ತೇಲಿದಂತೆ ಕಾಣುತ್ತದೆ. ದಿಟ್ಟಿಸಹೋದರೆ ಜಾರಿಬಿಡುತ್ತದೆ. ಕಸ ಬಿದ್ದಿದೆಯೆಂದು ಹಲವರು ಕಣ್ಣುಜ್ಜುತ್ತಾರೆ, ನೀರು ಹಾಕಿ ತೊಳೆಯುತ್ತಾರೆ. ಹೋಗುವುದಿಲ್ಲ, ಏಕೆಂದರೆ ಅದು ಇರುವುದು ಕಣ್ಣಿನ ಒಳಗೆ.

ಕಣ್ಣುಗುಡ್ಡೆಯಲ್ಲಿ ಸುಮಾರು 4 ಮಿಲಿಲೀಟರಿನಷ್ಟು ತಿಳಿಯಾದ ಲೋಳೆ ತುಂಬಿರುತ್ತದೆ. ಅದರ ಹೆಸರು ವಿಟ್ರಿಯಸ್. ಬಹುಪಾಲು ನೀರೇ, ಜೊತೆಗೆ ಕೊಲಾಜೆನ್ ಎಂಬ ಪ್ರೋಟೀನಿನ ಸಣ್ಣ ಎಳೆಗಳು. ವಯಸ್ಸಾದಂತೆ ಲೋಳೆ ನೀರಾಗಿ ಎಳೆಗಳು ಗಂಟುಕಟ್ಟುತ್ತವೆ. ಆ ಗಂಟುಗಳ ನೆರಳು ರೆಟಿನಾದ, ಅಂದರೆ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ತೆಳು ಪದರದ, ಮೇಲೆ ಬಿದ್ದದ್ದೇ ನಮಗೆ ಚುಕ್ಕೆಯಾಗಿ ಕಾಣುವುದು. 50 ದಾಟಿದ ಮೇಲೆ ಈ ಲೋಳೆ ರೆಟಿನಾದಿಂದ ಕಳಚಿಕೊಳ್ಳುವುದೂ ಸಾಮಾನ್ಯ. ಮೈನಸ್ ನಂಬರ್ ಹೆಚ್ಚಿರುವವರಲ್ಲಿ, ಪೊರೆಯ ಆಪರೇಷನ್ ಆದವರಲ್ಲಿ ಇನ್ನೂ ಬೇಗ.

ಕಳಚುವಾಗ ಲೋಳೆ ರೆಟಿನಾವನ್ನು ಜಗ್ಗಿದರೆ ಕತ್ತಲಲ್ಲೂ ಮಿಂಚು ಕಾಣುತ್ತದೆ. ಕೆಲವರಿಗೆ ಆ ಜಗ್ಗಾಟದಲ್ಲಿ ರೆಟಿನಾ ಹರಿಯುತ್ತದೆ, ಹರಿದಲ್ಲಿ ನೀರು ನುಗ್ಗಿ ರೆಟಿನಾ ಇದ್ದ ಜಾಗದಿಂದ ಕಿತ್ತುಬರುತ್ತದೆ. ನೋವು ಮಾತ್ರ ಇರುವುದಿಲ್ಲ. ಜನ ಮೋಸಹೋಗುವುದು ಇಲ್ಲಿಯೇ: ನೋವಿಲ್ಲವಲ್ಲ, ನಾಳೆ ನೋಡೋಣ ಎನ್ನುತ್ತಾರೆ. ಮಸಿ ಎರಚಿದಂತೆ ಒಮ್ಮೆಲೇ ಹೊಸ ಚುಕ್ಕೆಗಳು, ಹೊಸದಾಗಿ ಶುರುವಾದ ಮಿಂಚು, ಪಕ್ಕದಿಂದ ಪರದೆ ಸರಿದಂಥ ನೆರಳು, ದೃಷ್ಟಿ ಮಂಜಾಗುವುದು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಬರೀ ಹರಿದಿದ್ದರೆ ಸಾಮಾನ್ಯವಾಗಿ ಸುತ್ತಲೂ ಲೇಸರ್ ಹಾಕಿ ಭದ್ರಪಡಿಸಬಹುದು. ಕಿತ್ತುಬಂದರೆ ಆಪರೇಷನ್ ಬೇಕಾಗುತ್ತದೆ.

ರೆಟಿನಾದ ಅಂಚು ಕಾಣಲು ಪಾಪೆ ಹಿಗ್ಗಿಸುವ ಹನಿ ಹಾಕುತ್ತಾರೆ. ಅದು ಹಿಗ್ಗಲು 20ರಿಂದ 30 ನಿಮಿಷ ಬೇಕು, ಆಮೇಲೆ ಕೆಲವು ಗಂಟೆ ಕಣ್ಣು ಮಂಜು. ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ. ಅಂದು ಎಲ್ಲ ಸರಿಯಿದ್ದರೂ, ನಾಲ್ಕಾರು ವಾರದ ನಂತರ ಮತ್ತೆ ಬನ್ನಿ ಎಂದರೆ ತಪ್ಪಿಸಬೇಡಿ. ರೆಟಿನಾ ತಡವಾಗಿಯೂ ಹರಿಯಬಹುದು.

ಹರಿದಿಲ್ಲವೆಂದು ಗೊತ್ತಾದ ಮೇಲೂ ಕೆಲವರು ದಿನವಿಡೀ ಚುಕ್ಕೆ ಹುಡುಕುತ್ತಾರೆ. ಹುಡುಕಿದಷ್ಟೂ ಕಾಣುತ್ತದೆ, ಕಳವಳ ಬೆಳೆಯುತ್ತದೆ. ಅದರ ಬದಲು ವಾರಕ್ಕೊಮ್ಮೆ ಒಂದೊಂದೇ ಕಣ್ಣು ಮುಚ್ಚಿ ಗೋಡೆ ನೋಡಿ, ಹೊಸದೇನಾದರೂ ಸೇರಿದೆಯೇ ಎಂದು ತಿಳಿದುಕೊಳ್ಳಿ, ಅಷ್ಟು ಸಾಕು. ಕೆಲವು ತಿಂಗಳಲ್ಲಿ ಮಿದುಳು ಹೆಚ್ಚಿನವರಲ್ಲಿ ಈ ನೆರಳನ್ನು ಗಮನಿಸುವುದನ್ನೇ ಬಿಡುತ್ತದೆ. ಓದುವಾಗ ಅಡ್ಡ ಬಂದರೆ ಕಣ್ಣನ್ನು ಮೇಲೆ ಕೆಳಗೆ ಹೊರಳಿಸಿ: ಒಳಗಿನ ದ್ರವ ಅಲುಗಾಡಿ ನೆರಳು ಸರಿಯುತ್ತದೆ. ಮೊಬೈಲಿನ ಬೆಳಕು ತಗ್ಗಿಸಿ, ಬಿಸಿಲಿಗೆ ತಂಪು ಕನ್ನಡಕ ಹಾಕಿ.

ಚುಕ್ಕೆ ಕರಗಿಸುತ್ತದೆಂದು ಸಾಬೀತಾದ ಹನಿ ಯಾವುದೂ ಇಲ್ಲ. ವಿಟ್ರಿಯಸ್ ತೆಗೆಯುವ ಆಪರೇಷನ್ ಇದೆ, ಆದರೆ ಆಮೇಲೆ ಪೊರೆ ಬೇಗ ಬರುತ್ತದೆ, ಸೋಂಕು ತಗಲುವ, ರೆಟಿನಾ ಹರಿಯುವ ಭಯವೂ ಉಂಟು. ಓದಲು, ಗಾಡಿ ಓಡಿಸಲು ನಿಜಕ್ಕೂ ಆಗದವರು ಮಾತ್ರ ಅದರ ಬಗ್ಗೆ ರೆಟಿನಾ ತಜ್ಞರೊಂದಿಗೆ ಮಾತಾಡಬಹುದು.