ಮಾರಿ ಎಂಬ ಮಾತು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಕೊಪ್ಪಳದಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಊರು ಕುಕನೂರಿನ ಕಡೆಯ ಒಂದು ಹಳ್ಳಿ. ಇಲ್ಲಿ ಹಾಸ್ಟೆಲ್ಲಿನಲ್ಲಿದ್ದೇನೆ. ನಮ್ಮ ಕೋಣೆಯಲ್ಲಿ ನಾಲ್ವರು ಹುಡುಗಿಯರು, ನಾಲ್ಕು ಫೋನು, ಒಂದೇ ಒಂದು ಕನ್ನಡಿ.

ಇವತ್ತು ಒಂದು ಮಾತಿನ ಬಗ್ಗೆ ಹೇಳಬೇಕು ಅನ್ನಿಸಿದೆ. ಆ ಮಾತು ‘ಮಾರಿ’. ನಮ್ಮ ಕಡೆ ಮುಖಕ್ಕೆ ಮಾರಿ ಅಂತೀವಿ. ಬೆಳಿಗ್ಗೆ ಎದ್ದ ಕೂಡಲೇ ಅವ್ವ, “ಮಾರಿ ತೊಳಕೊಂಡು ಬಾರವ್ವ, ಚಾ ಆರತೈತಿ” ಅನ್ನುತ್ತಾಳೆ. ಸಪ್ಪಗೆ ಕೂತಿದ್ದರೆ, “ಯಾಕ ಮಾರಿ ಸಣ್ಣ ಮಾಡೀದಿ?” ಎಂದು ಹತ್ತಿರ ಬಂದು ಕೂರುತ್ತಾಳೆ. ಹುಟ್ಟಿದಾಗಿನಿಂದ ಕೇಳಿದ ಮಾತು ಅದು. ಅದರಲ್ಲಿ ವಿಶೇಷ ಏನಾದರೂ ಇದೆ ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಹೋದ ಬೇಸಿಗೆಯಲ್ಲಿ ನಾನೊಂದು ರೀಲ್ಸ್ ಮಾಡಿದೆ. ಬಿಸಿಲಲ್ಲಿ ಅಡ್ಡಾಡಿ ಬಂದ ಮೇಲೆ ಮಾರಿ ಹೇಗೆ ತೊಳಕೊಳ್ಳಬೇಕು ಅನ್ನೋದು ವಿಷಯ. ನಲವತ್ತು ಸೆಕೆಂಡಿನದು. ನಮ್ಮ ಬೇಸಿಗೆ ನಿಮಗೆ ಗೊತ್ತೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕಾಲೇಜಿನಿಂದ ಬಸ್‌ಸ್ಟ್ಯಾಂಡಿಗೆ ನಡೆದರೆ ಸಾಕು, ಬೆವರು, ಧೂಳು ಸೇರಿ ಚರ್ಮ ಬಿಗಿಯುತ್ತದೆ. ಬಂದ ತಕ್ಷಣ ತಣ್ಣೀರು ಎರಚಿಕೊಂಡು ಗಸಗಸ ತಿಕ್ಕಬೇಡಿ, ಸ್ವಲ್ಪ ಹೊತ್ತು ನೆರಳಲ್ಲಿ ಕೂತು, ನೀರು ಕುಡಿದು, ಆಮೇಲೆ ಮೆಲ್ಲಗೆ ತೊಳಕೊಳ್ಳಿ ಎಂದು ಹೇಳಿದ್ದೆ. ನಮ್ಮ ಆಯಿ, ಅಂದರೆ ಅವ್ವನ ತಾಯಿ, ಹೊಲದಿಂದ ಬಂದಾಗ ಮಾಡುತ್ತಿದ್ದುದೇ ಅದು.

ಮರುದಿನ ಬೆಳಿಗ್ಗೆ ಫೋನು ನೋಡಿದರೆ ನೂರಾರು ಮಂದಿ ನೋಡಿದ್ದರು. ಮಾರಿ ಅಂದ್ರೆ ದೇವರಲ್ವಾ ಎಂದು ಒಬ್ಬರು ಕೇಳಿದ್ದರು. ಇದು ಯಾವ ಭಾಷೆ ಎಂದು ಇನ್ನೊಬ್ಬರು. ಮೊದಲು ಸರಿಯಾಗಿ ಕನ್ನಡ ಕಲಿ ಎಂದು ಮತ್ತೊಬ್ಬರು. ಅವರ ಕೆಳಗೆ ಯಾರೋ ನನ್ನ ಬಣ್ಣದ ಬಗ್ಗೆ ಬರೆದಿದ್ದರು. ಅದನ್ನು ಇಲ್ಲಿ ಹೇಳುವುದಿಲ್ಲ. ವಿಡಿಯೋ ಅಳಿಸಿ ಹಾಕಿದೆ. ಆ ದಿನ ಕ್ಲಾಸಿಗೆ ಹೋಗಲಿಲ್ಲ.

ಅಲ್ಲಿಂದ ನಾನು ನನ್ನನ್ನು ತಿದ್ದಿಕೊಳ್ಳಲು ಹೊರಟೆ. ಫೋನಿನಲ್ಲಿ ಕೇಳಿ ಕೇಳಿ ಬೇರೆ ಥರ ಮಾತಾಡುವುದನ್ನು ಕಲಿತೆ. ಜಳಕ ಹೋಗಿ ಸ್ನಾನ ಆಯಿತು. ಹಣಿಗೆ ಹೋಗಿ ಬಾಚಣಿಗೆ ಆಯಿತು. ಮಾರಿ ಅನ್ನುವುದನ್ನಂತೂ ಬಾಯಿಂದ ತೆಗೆದೇ ಬಿಟ್ಟೆ. ಮನೆಗೆ ಫೋನು ಮಾಡಿದಾಗಲೂ ಅದೇ ಧಾಟಿ. ಒಂದು ಸಂಜೆ ಅವ್ವ ದನಿ ಇಳಿಸಿ ಕೇಳಿದಳು, “ಯಾಕವ್ವ, ಬಾಜೂಕ ಯಾರರ ನಿಂತಾರೇನು?” ಯಾರೋ ದೊಡ್ಡವರು ಪಕ್ಕದಲ್ಲಿದ್ದಾರೆ, ಅದಕ್ಕೇ ಮಗಳು ಹೀಗೆ ಮಾತಾಡುತ್ತಿದ್ದಾಳೆ ಎಂದು ಅವಳು ತಿಳಿದಿದ್ದಳು. ಪಕ್ಕದಲ್ಲಿ ಯಾರೂ ಇರಲಿಲ್ಲ. ಆ ಪ್ರಶ್ನೆ ಇವತ್ತಿಗೂ ನನ್ನ ಎದೆಯಲ್ಲಿ ಉಳಿದಿದೆ.

ಮಾತಿನ ಜೊತೆಗೆ ಬಣ್ಣವನ್ನೂ ತಿದ್ದಬೇಕಿತ್ತಲ್ಲ. ಏಳು ದಿನದಲ್ಲಿ ಬೆಳ್ಳಗಾಗಿಸುವ ಮುಲಾಮು ಎಂದು ಒಂದು ವಿಡಿಯೋದಲ್ಲಿ ನೋಡಿದೆ. ಔಷಧಿ ಅಂಗಡಿಯಲ್ಲಿ ಕೇಳಿದೆ, ಚೀಟಿ ಗೀಟಿ ಏನೂ ಕೇಳದೆ ಕೊಟ್ಟರು. ಮೊದಲ ವಾರ ನಿಜವಾಗಿಯೂ ಹೊಳಪು ಬಂತು. ಗೆಳತಿಯರು ಏನು ಹಚ್ಚಿದೆ ಎಂದು ಕೇಳಿದರು. ಎರಡು ತಿಂಗಳಾದ ಮೇಲೆ ಟ್ಯೂಬು ಖಾಲಿಯಾಗಿ ನಾಲ್ಕು ದಿನ ಬಿಟ್ಟೆ. ಕೆನ್ನೆಯೆಲ್ಲ ಕೆಂಪಾಯಿತು. ಉರಿ ಅಂದರೆ ಉರಿ. ಸಣ್ಣ ಸಣ್ಣ ಗುಳ್ಳೆ ಎದ್ದವು. ಬಿಸಿಲಿಗೆ ಹೋದರೆ ಮೆಣಸಿನಪುಡಿ ಹಚ್ಚಿದ ಹಾಗೆ. ಮತ್ತೆ ಹಚ್ಚಿದರೆ ತಣ್ಣಗಾಗುತ್ತಿತ್ತು, ಬಿಟ್ಟರೆ ಮತ್ತೆ ಉರಿ.

ಕೊನೆಗೆ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮನ ಮುಂದೆ ಕೂತು, ಮುಖದಲ್ಲಿ ಸ್ವಲ್ಪ ಅಲರ್ಜಿ ಆಗಿದೆ ಎಂದು ಕಲಿತ ಕನ್ನಡದಲ್ಲಿ ಹೇಳಿದೆ. ಮುಲಾಮಿನ ವಿಷಯ ಎತ್ತಲಿಲ್ಲ. ಅವರು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. “ಮಾರಿಗೆ ಏನೇನು ಹಚ್ಚೀದಿ? ಎಲ್ಲಾ ಹೇಳವ್ವ, ಅಂಜಬ್ಯಾಡ” ಅಂದರು.

ಡಾಕ್ಟರ ಬಾಯಲ್ಲಿ ಆ ಮಾತು ಕೇಳಿ ನನಗೆ ಅಳು ಬಂತು. ಮುಚ್ಚಿಟ್ಟದ್ದನ್ನೆಲ್ಲ ಹೇಳಿದೆ. ಯಾವ ಮುಲಾಮು, ಎಷ್ಟು ದಿನ, ಅದರ ಮೇಲೆ ನಿಂಬೆರಸ ಹಚ್ಚಿದ್ದು, ಮೊಡವೆಗೆ ಟೂತ್‌ಪೇಸ್ಟ್ ಇಟ್ಟದ್ದು, ಎಲ್ಲ. ನಮ್ಮ ಭಾಷೆಯಲ್ಲಿ ಕೇಳದೇ ಇದ್ದಿದ್ದರೆ ಅರ್ಧವನ್ನಾದರೂ ಮುಚ್ಚಿಡುತ್ತಿದ್ದೆ.

ಅವರು ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಯಾಕೆಂದರೆ ಇದು ನಮ್ಮ ಹಾಸ್ಟೆಲ್ಲಿನಲ್ಲಿ ನನ್ನೊಬ್ಬಳ ಕತೆಯಲ್ಲ. ಆ ಟ್ಯೂಬಿನಲ್ಲಿ ಇದ್ದದ್ದು ಸ್ಟಿರಾಯ್ಡ್. ಅದು ಕೆಟ್ಟ ಔಷಧಿಯಲ್ಲ. ಇಸುಬಿನಂಥ ಚರ್ಮದ ಕಾಯಿಲೆಗೆ ಡಾಕ್ಟರೇ ಬರೆದುಕೊಡುತ್ತಾರೆ, ಇಷ್ಟೇ ದಿನ ಎಂದು ಲೆಕ್ಕ ಹೇಳಿ. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ಒಳಗಿನ ಸಣ್ಣ ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ ಬರುತ್ತವೆ, ಕೆಲವರಿಗೆ ಕೆನ್ನೆಯ ಮೇಲೆ ಕೂದಲೂ ಬೆಳೆಯುತ್ತದೆ. ಇಂಥ ಹಲವು ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆ. ಆದರೂ ಕೈಗೆ ಸಿಗುತ್ತಿವೆ. ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ‘-ಸೋನ್’ ಅಥವಾ ‘-ಸಾಲ್’ ಎಂದು ಕೊನೆಯಾಗುವ ಹೆಸರು ಕಂಡರೆ, ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಅಂತ, ದಯವಿಟ್ಟು ಹಚ್ಚುವ ಮೊದಲೇ ಡಾಕ್ಟರನ್ನು ಕೇಳಿ. ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿದ್ದರೆ ಬಿಡುವುದನ್ನೂ ಅವರನ್ನು ಕೇಳಿಯೇ ಬಿಡಿ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗಬೇಡಿ, ಚರ್ಮ ಸುಟ್ಟ ಹಾಗೆ ಕಪ್ಪು ಕಲೆ ಆಗುತ್ತದೆ.

ನನ್ನ ಮುಖ ಸರಿಹೋಗಲು ನಾಲ್ಕು ತಿಂಗಳು ಹಿಡಿಯಿತು. ಆ ದಿನಗಳಲ್ಲಿ ಜೀವಶಾಸ್ತ್ರದ ಪಾಠದಲ್ಲಿ ಮೆಲನಿನ್ ಬಂತು. ನಮ್ಮ ಚರ್ಮಕ್ಕೆ ಬಣ್ಣ ಕೊಡುವುದು ಅದು. ಬಿಸಿಲಿನ ನೇರಳಾತೀತ ಕಿರಣವನ್ನು ತಡೆದು ಒಳಗಿನ ಜೀವಕೋಶವನ್ನು ಕಾಯುವುದೂ ಅದೇ. ನಮ್ಮ ಅಪ್ಪ, ಆಯಿ ಇಷ್ಟು ವರ್ಷ ಈ ಬಿಸಿಲಲ್ಲಿ ತೊಗರಿ, ಜೋಳ ಬೆಳೆದಿದ್ದಾರಲ್ಲ, ಅವರ ಮೈಯ ಕೊಡೆ ಅದು. ಅದನ್ನು ನಾನು ಉಜ್ಜಿ ತೆಗೆಯಲು ಹೊರಟಿದ್ದೆ.

ಇನ್ನು ಮಾತಿನ ವಿಷಯ. ಅದು ವಾಸಿಯಾದದ್ದು ಕನ್ನಡ ಕ್ಲಾಸಿನಲ್ಲಿ. ನಮ್ಮ ಮೇಷ್ಟ್ರು ಕವಿರಾಜಮಾರ್ಗ ಪಾಠ ಮಾಡುತ್ತಿದ್ದರು. ಕ್ರಿ.ಶ. 850ರ ಸುಮಾರಿನ, ಕನ್ನಡದಲ್ಲಿ ಈಗ ಸಿಕ್ಕಿರುವ ಎಲ್ಲಕ್ಕಿಂತ ಹಳೆಯ ಗ್ರಂಥ ಅದು. ಅದರಲ್ಲಿ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವ ಪದ್ಯ ಒಂದಿದೆ. ಕಿಸುವೊಳಲು, ಕೋಪಣ, ಪುಲಿಗೆರೆ, ಒಂಕುಂದ, ಈ ನಾಲ್ಕು ಊರಿನ ನಡುವಿನ ನಾಡಿನ ಮಾತೇ ಕನ್ನಡದ ತಿರುಳು ಎನ್ನುತ್ತದೆ. ಕಿಸುವೊಳಲು ಅಂದರೆ ಪಟ್ಟದಕಲ್ಲು, ಪುಲಿಗೆರೆ ಲಕ್ಷ್ಮೇಶ್ವರ, ಒಂಕುಂದ ಬೆಳಗಾವಿ ಜಿಲ್ಲೆಯಲ್ಲಿದೆ. ಕೋಪಣ ಯಾವುದು ಎಂದು ಮೇಷ್ಟ್ರು ಕೇಳಿದರು. ಯಾರೂ ಹೇಳಲಿಲ್ಲ. ಅವರು ಬೋರ್ಡಿನ ಮೇಲೆ ಕೊಪ್ಪಳ ಎಂದು ಬರೆದರು.

ಮೊದಲು ಸರಿಯಾಗಿ ಕನ್ನಡ ಕಲಿ ಎಂದಿದ್ದರಲ್ಲ, ಆ ಮಾತು ನೆನಪಾಯಿತು. ಕ್ಲಾಸಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತೆ.

ಆದರೆ ನಮ್ಮ ಮಾತೇ ದೊಡ್ಡದು ಎಂದು ಹೇಳಲು ನಾನಿಲ್ಲಿ ಬಂದಿಲ್ಲ. ಅದೇ ಗ್ರಂಥದಲ್ಲಿ ಇನ್ನೊಂದು ಪದ್ಯವಿದೆ, ನನಗೆ ಅದೇ ಹೆಚ್ಚು ಇಷ್ಟ. ಸೀಮೆಸೀಮೆಗೆ ಕನ್ನಡ ಬೇರೆ ಬೇರೆ, ಅದರ ತಪ್ಪು ಇಷ್ಟೇ ಎಂದು ಎಣಿಸಿ ಮುಗಿಸಲು ನಾಗರಾಜ ವಾಸುಕಿಗೂ ಆಗದೆ ಬೇಸರ ಬರುತ್ತದೆ ಎನ್ನುತ್ತಾನೆ ಕವಿ. ಮಂಡ್ಯದವರ ಮೊಕ, ಬೆಂಗಳೂರಿನವರ ಮುಖ, ಅಲ್ಲಲ್ಲಿ ಮೋರೆ, ನಮ್ಮ ಮಾರಿ, ಎಲ್ಲವೂ ಇರಲಿ. ಒಂದನ್ನು ಕೇಳಿ ಇನ್ನೊಂದು ನಗಬೇಕಾಗಿಲ್ಲ, ಅಲ್ವಾ?

ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಮೈ ನೋಡಿಕೊಳ್ಳುವ ನಮ್ಮ ಮಾತುಗಳನ್ನು ಬರೆಯತೊಡಗಿದೆ. ಜಳಕ. ಹೆರಳು. ಹಣಿಗೆ. ಔಡಲ ಎಣ್ಣೆ. ತಲೆ ಎರಕೊಳ್ಳುವುದು. ಈ ಕೊನೆಯ ಮಾತನ್ನೇ ನೋಡಿ. ಫೋನಿನಲ್ಲಿ ಹೇರ್ ವಾಶ್ ಅಂದರೆ ಒಬ್ಬಳೇ ನಿಂತು ಎರಡು ನಿಮಿಷದಲ್ಲಿ ಮುಗಿಸುವ ಕೆಲಸ. ಎರಕೊಳ್ಳುವುದು ಅಂದರೆ ಹಾಗಲ್ಲ. ಹಿಂದಿನ ರಾತ್ರಿ ಎಣ್ಣೆ ಹಚ್ಚಬೇಕು, ಹಂಡೆಯಲ್ಲಿ ನೀರು ಕಾಯಬೇಕು, ಸೀಗೆಪುಡಿ ನೆನೆಯಬೇಕು, ಎರೆಯಲು ಇನ್ನೊಂದು ಕೈ ಬೇಕು. ನಮ್ಮ ಹಾಸ್ಟೆಲ್ಲಿನ ಬೋರ್‌ವೆಲ್ ನೀರು ಬಹಳ ಗಡುಸು. ಬಕೆಟ್ಟಿನ ಒಳಗೆಲ್ಲ ಬಿಳಿ ಪದರ ಕಟ್ಟುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಜೊತೆ ಸೇರಿ ಜಿಗುಟಾಗಿ ಕೂದಲಿಗೆ ಅಂಟುತ್ತವೆ, ಅದಕ್ಕೇ ಎಷ್ಟು ತೊಳೆದರೂ ತಲೆ ಹಗುರಾಗುವುದಿಲ್ಲ. ಹಾಗಾಗಿ ನಳಕ್ಕೆ ಹೊಳೆ ನೀರು ಬಂದ ದಿನ ಕಾದು ಎರಕೊಳ್ಳುತ್ತೇವೆ. ಒಬ್ಬರಿಗೊಬ್ಬರು ಎರೆಯುತ್ತೇವೆ.

ಹಳೆಯ ಮಾತೆಲ್ಲ ಒಳ್ಳೆಯದೆಂದು ನಾನು ಹೇಳಲಾರೆ. ಮುಟ್ಟಾದಾಗ ನಮ್ಮ ಕಡೆ “ಹೊರಗ ಆಗ್ಯಾಳ” ಅಂತಾರೆ. ಆ ಮಾತಿನಲ್ಲೇ ಹೊಸ್ತಿಲ ಆಚೆ ನೂಕುವುದು ಇದೆ. ನಮ್ಮ ಆಯಿ ಮೂರು ದಿನ ನಿಜವಾಗಿಯೂ ಹೊರಗೆ ಕೂತವಳು. ಇಲ್ಲಿ ನನಗೆ ಸಹಾಯಕ್ಕೆ ಬಂದದ್ದು ಫೋನೇ. ಕನ್ನಡದ ವೈದ್ಯೆಯೊಬ್ಬರು ನಾಚದೆ, ಮುಟ್ಟು ಎಂದೇ ಹೇಳಿ ವಿಡಿಯೋ ಮಾಡುತ್ತಾರೆ. ಪ್ಯಾಡು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು, ಬಟ್ಟೆ ಬಳಸಿದರೆ ಸಂದಿಯಲ್ಲಿ ಮುಚ್ಚಿಟ್ಟು ಒಣಗಿಸದೆ ಬಿಸಿಲಿಗೇ ಹಾಕಬೇಕು ಎಂದು ಅವರಿಂದ ಕಲಿತೆ. ಅವ್ವನಿಗೂ ತೋರಿಸಿದೆ. ಈಗ ನಮ್ಮ ಮನೆಯಲ್ಲಿ ಮುಟ್ಟು ಅಂತಲೇ ಅನ್ನುತ್ತೇವೆ. ನನ್ನ ತಂಗಿ ಒಳಗೇ ಮಲಗುತ್ತಾಳೆ.

ಹಾಗಾಗಿ ಫೋನು ಬಿಟ್ಟುಬಿಡಿ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆದರೆ ಮಲಗುವ ಮುಂಚೆ ಅದನ್ನು ಕೋಣೆಯ ಕಿಟಕಿಯ ಮೇಲೆ ಇಟ್ಟುಬಿಡುತ್ತೇನೆ. ಮುಖಕ್ಕೆ ಹಚ್ಚುವ ಯಾವುದನ್ನೂ ಅದರ ಮಾತು ಕೇಳಿ ಕೊಳ್ಳುವುದಿಲ್ಲ.

ಹೋದ ತಿಂಗಳು ಅಳಿಸಿದ ಆ ವಿಡಿಯೋವನ್ನು ಮತ್ತೆ ಮಾಡಿದೆ. ಈ ಸಲ ಊರಲ್ಲಿ, ನಮ್ಮ ಬಚ್ಚಲ ಮುಂದೆ. ಆಯಿಯೇ ಹೇಳುತ್ತಾಳೆ, ನಾನು ಫೋನು ಹಿಡಿದಿದ್ದೇನೆ. ಫಿಲ್ಟರ್ ಹಾಕಿಲ್ಲ. “ಬಿಸಲಾಗಿಂದ ಬಂದ ಕೂಡ್ಲೆ ನೀರು ಹಾಕ್ಕೋಬ್ಯಾಡ್ರಿ. ನೆಳ್ಳಾಗ ಕುಂದರ್ರಿ. ಆಮ್ಯಾಲ ಮಾರಿ ತೊಳಕೋರಿ” ಎಂದು ನಿಧಾನವಾಗಿ ಹೇಳಿ, ಸೆರಗಿನಿಂದ ಮುಖ ಒರೆಸಿಕೊಂಡು, “ಸಾಕೇನವ್ವ?” ಎಂದು ನನ್ನನ್ನು ಕೇಳುತ್ತಾಳೆ. ಆ ಕೊನೆಯ ಮಾತನ್ನೂ ಕತ್ತರಿಸದೆ ಹಾಗೇ ಇಟ್ಟಿದ್ದೇನೆ.

ನಮಸ್ಕಾರ.