ಎಲ್ಲರೂ ದಾಟಿ ಹೋಗುವ ಊರು

ಕೇಳುಗರಿಗೆ ನಮಸ್ಕಾರ.

ರಜೆ ದಿನ ಸಂಜೆ ಕಾವೇರಿ ಮೇಲಿನ ಕೊಪ್ಪ ಸೇತುವೆಯಿಂದ ಕೊಡಗಿನ ಕುಶಾಲನಗರದ ಬಸ್ ನಿಲ್ದಾಣಕ್ಕೆ ಎಷ್ಟು ಹೊತ್ತು ಬೇಕು ಅಂತ ಊರಿನವರನ್ನ ಕೇಳಿ ನೋಡಿ. ನಡೆದರೇ ಬೇಗ ಅನ್ನುತ್ತಾರೆ. ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಿ ನಿಸರ್ಗಧಾಮಕ್ಕೆ ಹೊರಟವರು, ಮಡಿಕೇರಿಯಿಂದ ಮೈಸೂರಿಗೆ ಇಳಿಯುವವರು, ಎಲ್ಲರೂ ಒಂದೇ ಪೇಟೆ ರಸ್ತೆಯಲ್ಲಿ. ಕೊಡಗಿಗೆ ರೈಲಿಲ್ಲ ಅಲ್ವಾ, ಬರುವುದೆಲ್ಲ ರಸ್ತೆ ಮೇಲೆಯೇ.

ಸೋಮವಾರ ಬೆಳಿಗ್ಗೆ ಅದೇ ರಸ್ತೆಯಲ್ಲಿ ನಮ್ಮವರು ಇರುತ್ತಾರೆ. ಕೆಲಸ ಮಡಿಕೇರಿಯಲ್ಲಿ, ಮನೆ ಇಲ್ಲಿ. ಜಾಗ ಸಮತಟ್ಟು, ಮಳೆ ಕಡಿಮೆ, ಮಕ್ಕಳಿಗೆ ಕಾಲೇಜೂ ಇದೆ. ದಿನಾ ಸುಮಾರು 30 ಕಿಲೋಮೀಟರ್ ಹತ್ತಬೇಕು, ಅಷ್ಟೇ ಇಳಿಯಬೇಕು. ಬಸ್ಸಿನಲ್ಲಿ ತೊಡೆ ಮೇಲೆ ಟಿಫನ್ ಡಬ್ಬಿ, ಮುಂದಿನ ಸೀಟಿನ ಕಂಬಿಗೆ ಕೊಡೆ. ಇಲ್ಲಿ ಬಿಸಿಲಿದೆ ಅಂತ ಕೊಡೆ ಬಿಟ್ಟು ಹೋದರೆ ಕೆಟ್ಟಿರಿ. ಆನೆಕಾಡು, ಸುಂಟಿಕೊಪ್ಪ ದಾಟಿದ ಮೇಲೆ ಆಕಾಶವೇ ಬೇರೆ.

ಮನೆ ಬೇಕಾದವರು ಜಾಸ್ತಿ ಆದ ಹಾಗೆ ಹೊಳೆ ಬದಿಯ ತಗ್ಗು ಜಾಗವೂ ಸೈಟುಗಳಾದವು. 2018ರಲ್ಲಿ ಒಮ್ಮೆ, 2019ರಲ್ಲಿ ಮತ್ತೊಮ್ಮೆ, ಆಗಸ್ಟ್ ತಿಂಗಳಲ್ಲೇ, ಕಾವೇರಿ ತನ್ನ ಹಳೇ ಜಾಗ ಕೇಳಿಕೊಂಡು ಬಂದಳು. ಸಾಯಿ ಬಡಾವಣೆ, ಕುವೆಂಪು ಬಡಾವಣೆಯ ಮನೆಗಳ ಒಳಗೆ ನೀರು. ಗೋದ್ರೇಜ್ ಬೀರು, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲ ಕೆಸರು. ಹೊಳೆ ಕಾಣುವ ಸೈಟು ಬೇಸಿಗೆಯಲ್ಲಿ ಯಾರಿಗೆ ಇಷ್ಟ ಆಗಲ್ಲ? ಕಕ್ಕಡದಲ್ಲಿ, ಅಂದರೆ ಜೋರು ಮಳೆಯ ಆಟಿ ತಿಂಗಳಲ್ಲಿ, ಒಮ್ಮೆ ಬಂದು ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ.

ಪ್ರವಾಸಿಗರು ಬರಬಾರದು ಅಂತ ನಾನು ಹೇಳುತ್ತಿಲ್ಲ. ಹೋಮ್‌ಸ್ಟೇ, ಟ್ಯಾಕ್ಸಿ, ಜೇನು-ಏಲಕ್ಕಿ ಮಾರುವ ಅಂಗಡಿ, ಎಷ್ಟೋ ಮನೆಯ ಒಲೆ ಉರಿಯುವುದೇ ಇದರಿಂದ. ಆದರೆ ಊರಿಗೇ ಚರಂಡಿ ಸಾಲದಿರುವಾಗ, ಶನಿವಾರ ಬಂದವರ ಕಸ, ಕೊಳಚೆ ಎಲ್ಲಿಗೆ ಹೋಗಬೇಕು? ಹೊಳೆಗೇ. ಅದೇ ಹೊಳೆ ನೋಡೋಕೆ ಅಂತಲೂ ಜನ ಇಲ್ಲಿಗೆ ಬರುವುದು.

ಕುಶಾಲನಗರ ಈಗ ತಾಲೂಕು. ಪಟ್ಟಣ ಪಂಚಾಯಿತಿ ಹೋಗಿ ಪುರಸಭೆಯೂ ಆಯಿತು. ಬೋರ್ಡು ಬದಲಾದಷ್ಟು ಸುಲಭವಾಗಿ ಮೋರಿ ಬದಲಾಗಲ್ಲ, ನಿಜ. ಹಾಗಂತ ಸುಮ್ನೆ ಕೂರುವುದೂ ಬೇಡ. ಇನ್ನೊಂದು ಸೆಲ್ಫಿ ಪಾಯಿಂಟ್ ಮಾಡುವ ಮೊದಲು ಊರ ಹೊರಗೆ ಕಾರು ನಿಲ್ಲಿಸಲು ಜಾಗ ಮಾಡಲಿ, ಮಳೆ ಹಿಡಿಯುವ ಮೊದಲೇ ಮೋರಿಯ ಹೂಳು ತೆಗೆಸಲಿ. ಬೆಳಿಗ್ಗೆ ಮಡಿಕೇರಿಗೆ ಇನ್ನೂ ಎರಡು ಬಸ್ಸು ಬಿಟ್ಟರೆ, ನಿಂತುಕೊಂಡೇ ಹೋಗುವವರು ಕೂತು ಹೋಗಬಹುದು.