ಡಿಟೆಕ್ಟರ್ ಕೊಳ್ಳುವ ಮೊದಲು ಮಣ್ಣು ನೋಡಿ

ಕೇಳುಗರಿಗೆ ನಮಸ್ಕಾರ.

ಹೋದ ವರ್ಷ ತೋಟದಲ್ಲಿ ಅಡಿಕೆ ಮರಗಳಿಗೆ ಗೊಬ್ಬರ ಹಾಕುವಾಗ ಅಕ್ಕನ ಉಂಗುರ ಬೆರಳಿಂದ ಜಾರಿಹೋಯಿತು. ಮೆಟಲ್ ಡಿಟೆಕ್ಟರ್ ಬಾಡಿಗೆಗೆ ತಂದೆವು. ಅದು ಹೆಜ್ಜೆಗೊಮ್ಮೆ ಕೂಗಿತು. ಅಗೆದರೆ ತುಕ್ಕು ಹಿಡಿದ ಮೊಳೆ, ಮಾತ್ರೆ ಪಟ್ಟಿಯ ಚೂರು. ಎಷ್ಟೋ ಕಡೆ ಬರೀ ಮಣ್ಣು.

ತಪ್ಪು ಯಂತ್ರದ್ದಲ್ಲ. ನಮ್ಮದು ಕೆಂಪು ಜಂಬಿಟ್ಟಿಗೆ ಮಣ್ಣು, ಅದರಲ್ಲೇ ಕಬ್ಬಿಣದ ಅಂಶ ಜಾಸ್ತಿ. ಇಂಥ ಕಡೆ ಗ್ರೌಂಡ್ ಬ್ಯಾಲೆನ್ಸ್ ಮಾಡಿಕೊಳ್ಳುವ ಸೌಲಭ್ಯ ಇರಲೇಬೇಕು. ಕಾಯಿಲನ್ನು, ಅಂದರೆ ಯಂತ್ರದ ತುದಿಯ ತಟ್ಟೆಯನ್ನು, ನೆಲದ ಹತ್ತಿರ ಮೇಲೆ ಕೆಳಗೆ ಆಡಿಸುತ್ತಾ, ಮಣ್ಣಿನ ಸದ್ದು ಅಡಗುವವರೆಗೆ ಹೊಂದಿಸಬೇಕು. ಅದಿಲ್ಲದ ಅಗ್ಗದ ಯಂತ್ರ ಇಲ್ಲಿ ಸುಮ್ನೆ ದಂಡ.

ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ವಿಎಲ್‌ಎಫ್, ಅಂದರೆ ತೀರಾ ಕಡಿಮೆ ಫ್ರೀಕ್ವೆನ್ಸಿಯ ಯಂತ್ರ. 3ರಿಂದ 30 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಮೂಗುಬೊಟ್ಟು, ಓಲೆಯಂಥ ಸಣ್ಣ ಚಿನ್ನಕ್ಕೆ ಹೆಚ್ಚಿನ ಫ್ರೀಕ್ವೆನ್ಸಿ ಒಳ್ಳೆಯದು. ಮಲ್ಪೆಯಂಥ ಕಡಲ ತೀರದ ಒದ್ದೆ ಮರಳಲ್ಲಿ ಉಪ್ಪುನೀರೇ ವಿದ್ಯುತ್ ಹರಿಸುತ್ತದೆ, ಅಲ್ವಾ? ಅಲ್ಲಿ ಒಂದೇ ಫ್ರೀಕ್ವೆನ್ಸಿಯ ಯಂತ್ರ ಗಲಾಟೆ ಮಾಡುತ್ತದೆ. ಒಟ್ಟಿಗೆ ಹಲವು ಫ್ರೀಕ್ವೆನ್ಸಿ ಬಳಸುವುದು, ಇಲ್ಲವೇ ಪಲ್ಸ್ ಇಂಡಕ್ಷನ್, ಅಂದರೆ ವಿದ್ಯುತ್ತನ್ನು ಬಿಟ್ಟುಬಿಟ್ಟು ಮಿಡಿಸಿ ಹುಡುಕುವ ಯಂತ್ರ ಬೇಕು. ಪಲ್ಸ್ ಯಂತ್ರ ಆಳಕ್ಕೆ ಹೋಗುತ್ತದೆ ನಿಜ. ಆದರೆ ಮೊಳೆ ಯಾವುದು, ಚಿನ್ನ ಯಾವುದು ಅಂತ ಅದು ಅಷ್ಟಾಗಿ ಹೇಳುವುದಿಲ್ಲ. ಹಳೆ ಮನೆಯ ಹಿತ್ತಲಿಗೆ ಅದು ಬೇಡ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮರೆಯಬೇಡಿ. ಕಸದ ಸದ್ದು ಬೇಡವೆಂದು ಡಿಸ್ಕ್ರಿಮಿನೇಷನ್, ಅಂದರೆ ಬೇಡದ ಲೋಹದ ಸದ್ದು ಅಡಗಿಸುವ ಸೌಲಭ್ಯ, ಏರಿಸಿದರೆ ಅಲ್ಯೂಮಿನಿಯಂ ಚೂರಿನ ಜೊತೆ ತೆಳು ಉಂಗುರವೂ ಮಾಯವಾಗುತ್ತದೆ. ಯಂತ್ರಕ್ಕೆ ಎರಡೂ ಒಂದೇ ಥರ ಕೇಳಿಸುತ್ತವೆ.

ದೊಡ್ಡ ಕಾಯಿಲ್ ಆಳ ನೋಡುತ್ತದೆ, ಸಣ್ಣದನ್ನು ಬಿಟ್ಟುಬಿಡುತ್ತದೆ. ಗಿಡಗಳ ನಡುವೆ 6 ಇಂಚಿನದು ಸಾಕು. ಐವತ್ತು ಅಡಿ ದೂರದಿಂದ ಚಿನ್ನ ತೋರಿಸುತ್ತೇವೆ ಎನ್ನುವವರ ಮಾತು ನಂಬಬೇಡಿ. ಉಂಗುರದಂಥ ವಸ್ತು ಗೇಣು ಆಳದಲ್ಲಿ ಸಿಕ್ಕರೆ ಅದೇ ಹೆಚ್ಚು. ಕೊಳ್ಳುವ ಮೊದಲು ನಿಮ್ಮದೇ ಅಂಗಳದಲ್ಲಿ ಒಂದು ಉಂಗುರ ನಾಲ್ಕು ಇಂಚು ಹೂತು ಪರೀಕ್ಷಿಸಿ.

ನಿಧಿ ಹುಡುಕುವ ಆಸೆ ಇದ್ದವರಿಗೆ: ಅದಕ್ಕೆ ಕಾಯ್ದೆ ಇದೆ. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ರಕ್ಷಿತ ಸ್ಮಾರಕಗಳ ಜಾಗದಲ್ಲಂತೂ ಅಗೆಯಲೇಬಾರದು.

ನಾವು ಮರುದಿನ ಗ್ರೌಂಡ್ ಬ್ಯಾಲೆನ್ಸ್ ಮಾಡಿ, ಸಣ್ಣ ಕಾಯಿಲ್ ಹಾಕಿ ನಿಧಾನವಾಗಿ ನಡೆದೆವು. ಒಂದು ಮರದ ಬುಡದಲ್ಲಿ ಉದ್ದಕ್ಕೆ ಆಡಿಸಿದರೂ ಅಡ್ಡಕ್ಕೆ ಆಡಿಸಿದರೂ ಸದ್ದು ಒಡೆಯಲಿಲ್ಲ. ಮೊಳೆಯ ಸದ್ದು ಹಾಗೆ ನಿಲ್ಲುವುದು ಕಡಿಮೆ. ಮೂರು ಇಂಚು ಕೆಳಗೆ, ಗೊಬ್ಬರ ಮೆತ್ತಿಕೊಂಡು ಉಂಗುರ ಕೂತಿತ್ತು.